ಒಂದು ಕೈ ಕೆಲಸದಲ್ಲಿರುವಾಗ

ಪಕ್ಕದ ಮನೆಯ ಮೇಷ್ಟ್ರ ಮುಂದೆ ಬಟನ್ ಚಾಕುವಿನ ಮಾತೆತ್ತುವಂತಿಲ್ಲ. ಕಾಂಪೌಂಡಿನ ಆ ಕಡೆಯಿಂದಲೇ, “ಅದು ಸಿನಿಮಾ ಗೂಂಡಾಗಳ ಸಾಮಾನು ರೀ, ಮರ್ಯಾದಸ್ಥರಿಗ್ಯಾಕ ಬೇಕು?” ಅಂತಾರೆ. ಹಿಂದಿ ಚಿತ್ರ ನೋಡುತ್ತ ಬೆಳೆದ ನಮ್ಮ ರಾಯಚೂರಿನವರಿಗೆ ರಾಂಪುರಿ ಚಾಕು ಅಂದರೆ ಖಳನಾಯಕನ ಕಿಸೆಯೇ ಕಣ್ಣಿಗೆ ಕಟ್ಟುತ್ತದೆ. ಆದರೆ ಉತ್ತರ ಪ್ರದೇಶದ ಆ ರಾಂಪುರ ತನ್ನ ಕಸುಬಿಗೆ ನಾಚಿಕೊಂಡಿಲ್ಲ. 2023ರಲ್ಲಿ ಊರ ಚೌಕದಲ್ಲೇ ಇಪ್ಪತ್ತು ಅಡಿಯ ಚಾಕು ನಿಲ್ಲಿಸಿದೆ. ಆ ಸುದ್ದಿ ಓದಿ ನನಗಂತೂ ಸಂತೋಷವಾಯಿತು. ಒಂದು ಊರು ತನ್ನ ಕಮ್ಮಾರರನ್ನು ಹಾಗೆ ಎತ್ತಿ ತೋರಿಸುವುದು ಸಣ್ಣ ಮಾತಲ್ಲ.

ಕೇಳ್ರಿ ಮೇಷ್ಟ್ರೆ, ಒತ್ತಿದರೆ ತಾನೇ ತೆರೆದುಕೊಳ್ಳುವ ಮಡಚು ಚಾಕು ಹೊಡೆದಾಟಕ್ಕೆಂದೇ ಹುಟ್ಟಿದ್ದಲ್ಲ. ಒಂದು ಕೈ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡವನಿಗೆ ಅದು ಬೇಕು. ನಮ್ಮ ಜಿಲ್ಲೆಯಲ್ಲಿ ದುಡಿಯುವವರ ಪೈಕಿ ಎರಡೂ ಕೈ ಖಾಲಿ ಇರುವವರು ಯಾರಿದ್ದಾರೆ ಹೇಳಿ? ದೇವದುರ್ಗದ ಕಡೆ ಕುರಿಗೊರಸು ಕೆತ್ತುವಾಗ ಕುರಿಯನ್ನು ಮೊಣಕಾಲ ಸಂದಿಯಲ್ಲಿ ಅವುಚಿ, ಎಡಗೈಯಲ್ಲಿ ಅದರ ಕಾಲು ಹಿಡಿದಿರುತ್ತಾರೆ. ಚಾಕು ಬಿಡಿಸಲು ಆ ಕೈ ತೆಗೆದರೆ ಕುರಿ ಕೈತಪ್ಪಿತು. ಅಲಗನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವವರನ್ನು ನೋಡಿದ್ದೇನೆ, ನೋಡಿದ ನನಗೇ ಹಲ್ಲು ಜುಮ್ಮೆಂದಿತ್ತು. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಕೆಸರಲ್ಲಿ ನಿಂತವರ ಒಂದು ಕೈಯಲ್ಲಿ ಸಸಿಯ ಕಟ್ಟು, ಅದರ ದಾರ ಕೊಯ್ಯಲು ಇನ್ನೊಂದು ಕೈ. ಇಲ್ಲಿ ಊರೊಳಗೆ ಹತ್ತಿ ಲಾರಿಯ ಮೇಲೆ ನಿಂತ ಹಮಾಲನ ಒಂದು ಕೈ ಹಗ್ಗದ ಮೇಲಿರಲೇಬೇಕು, ಬಿಟ್ಟರೆ ಬೀಳುತ್ತಾನೆ.

ಅಮೆರಿಕದವರೂ ಮೇಷ್ಟ್ರ ಹಾಗೆಯೇ ಹೆದರಿದವರು. 1958ರಲ್ಲಿ ಕಾನೂನು ತಂದು, ಸ್ಪ್ರಿಂಗ್ ಚಾಕುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ತಡೆದರು. ಆದರೆ ಅದೇ ಕಾನೂನಿನಲ್ಲಿ ಒಂದು ಸಾಲು ಸೇರಿಸಿ, ಒಂದೇ ತೋಳಿರುವ ವ್ಯಕ್ತಿ ಮೂರು ಇಂಚು ಮೀರದ ಅಲಗಿನ ಚಾಕು ಇಟ್ಟುಕೊಳ್ಳಬಹುದು ಎಂದರು. ಆ ಸಾಲು ಬರೆದವರಿಗೆ ಈ ಚಾಕುವಿನ ನಿಜವಾದ ಉಪಯೋಗ ಗೊತ್ತಿತ್ತು. ನಮ್ಮಲ್ಲಿ ದೆಹಲಿ ಆಡಳಿತ 1980ರಲ್ಲಿ ಅಧಿಸೂಚನೆ ಹೊರಡಿಸಿ, 7.62 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದ, 1.72 ಸೆಂಟಿಮೀಟರ್ ಅಥವಾ ಅದಕ್ಕಿಂತ ಅಗಲದ ಬಟನ್ ಚಾಕುಗಳಿಗೆ ಲೈಸೆನ್ಸ್ ಬೇಕೆಂದಿತು. 7.62 ಸೆಂಟಿಮೀಟರ್ ಅಂದರೆ ಸರಿಯಾಗಿ ಮೂರು ಇಂಚು. ಎರಡು ದೇಶಗಳಲ್ಲೂ ಗೆರೆ ಬಿದ್ದದ್ದು ಅಲ್ಲಿಗೇ. ಆದ್ದರಿಂದ ಹೊಸ ವಿನ್ಯಾಸ ಮಾಡುವವರಿಗೆ ನನ್ನ ಮೊದಲ ಬೇಡಿಕೆ, ಅಲಗು ಎರಡೂಮುಕ್ಕಾಲು ಇಂಚಿನೊಳಗೆ ಇರಲಿ. ದಾರ, ಗೊರಸು, ಡ್ರಿಪ್ ಪೈಪು, ಬೇವಿನ ಕಡ್ಡಿ, ಮಾವಿನ ಕಾಯಿ ಎಲ್ಲಕ್ಕೂ ಅದು ಸಾಕು. ಉದ್ದ ಕೇಳುವವರ ಕೆಲಸಕ್ಕೆ ಕುಡುಗೋಲು ಇದೆ.

ಎರಡನೆಯದು ತುದಿ. ಚಾಕುಪ್ರಿಯರಲ್ಲಿ ಹೆಚ್ಚಿನವರು ಸೂಜಿಮೊನೆ ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ಎತ್ತಿನ ಮೂಗುದಾರ ಕೊಯ್ಯುವಾಗ ಅದು ತಲೆ ಕೊಡವಿದರೆ ಮೊನೆ ಎಲ್ಲಿಗೆ ಹೋದೀತು? ಬಾಯಿ ನೇರ ಇರಲಿ, ಬೆನ್ನು ಮುಂದಕ್ಕೆ ಬಾಗಿ ತುದಿ ಮೊಂಡಾಗಿರಲಿ. ಸಮುದ್ರಯಾನದವರೂ ಕುರಿ ಸಾಕುವವರೂ ಬಹಳ ಹಿಂದಿನಿಂದ ಇದೇ ಆಕಾರ ಬಳಸುತ್ತಿದ್ದಾರೆ. ಮೇಷ್ಟ್ರಿಗೆ ನಾನು ಹೇಳಿದ್ದರಲ್ಲಿ ಇದೊಂದು ಹಿಡಿಸಿತು. “ಚುಚ್ಚಲಾರದ ಚಾಕು ಅಂದ್ರ ನಮ್ಮ ಹುಡುಗಗೂ ಕೊಡಬಹುದು” ಅಂದರು.

ಈಗ ಒಳಗಿನ ಯಂತ್ರದ ಮಾತು. ಇಲ್ಲಿ ತಕರಾರು ಜಾಸ್ತಿ, ನನಗೆ ಆಸೆಯೂ ಜಾಸ್ತಿ. ಈ ಜಾತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಅಲಗು ಪಕ್ಕಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತದೆ. ಬಟನ್ ಕೆಳಗೊಂದು ಗೂಟ, ಅಲಗಿನ ಬುಡದಲ್ಲಿ ಎರಡು ಕಚ್ಚು, ತಿರುಗಣಿಯ ಸುತ್ತ ಸುರುಳಿ ಸ್ಪ್ರಿಂಗು. ಮುಚ್ಚಿದಾಗ ಗೂಟ ಒಂದು ಕಚ್ಚಿನಲ್ಲಿ ಕೂತು ಅಲಗನ್ನು ತಡೆದಿರುತ್ತದೆ, ಒತ್ತಿದೊಡನೆ ಬಿಡುತ್ತದೆ, ಪೂರ್ತಿ ತೆರೆದ ಮೇಲೆ ಎರಡನೆಯ ಕಚ್ಚಿನಲ್ಲಿ ಕೂತು ಬೀಗವಾಗುತ್ತದೆ. ಒಂದೇ ಗೂಟ ಎರಡು ಕೆಲಸ ಮಾಡುವುದನ್ನು ಬಿಚ್ಚಿ ನೋಡಬೇಕು ಕಣ್ರೀ, ಮಾಡಿದವನ ತಲೆಗೆ ಕೈ ಮುಗಿಯುವಂತಿರುತ್ತದೆ. ಇನ್ನೊಂದು ಬಗೆಯಲ್ಲಿ ಅಲಗು ಹಿಡಿಯ ಮೂತಿಯಿಂದ ನೇರ ಮುಂದಕ್ಕೆ ಚಿಮ್ಮುತ್ತದೆ. ಯುವಕರಿಗೆ ಅದರದೇ ಮೋಹ. ಆದರೆ ಒಂದೇ ಗುಬುಟಿಯನ್ನು ಹಿಂದೆ ಮುಂದೆ ಸರಿಸುವ ಮಾದರಿಯಲ್ಲಿ ಸ್ಪ್ರಿಂಗು ಅಲಗನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಶುರುವಿನಲ್ಲಿ ಎಳೆದು ಬಿಡುತ್ತದೆ, ಉಳಿದ ದಾರಿ ಅಲಗು ತನ್ನ ವೇಗದಲ್ಲೇ ಹೋಗಿ ಬೀಗಕ್ಕೆ ಬೀಳಬೇಕು. ದಾರಿಯಲ್ಲಿ ಕಸ ಇದ್ದರೆ ನಡುವೆಯೇ ನಿಂತು ಅಲ್ಲಾಡುತ್ತದೆ.

ನಮ್ಮ ಎರೆಮಣ್ಣೇ ಇದಕ್ಕೆ ಪರೀಕ್ಷೆ. ಬೇಸಿಗೆಯಲ್ಲಿ ಹಿಟ್ಟಿನಂಥ ಪುಡಿ, ಮಳೆ ಬಿದ್ದರೆ ಬಿಡಿಸಲಾಗದ ಅಂಟು. ಕಿಸೆಯಲ್ಲಿ ಹತ್ತಿಯ ಎಳೆ, ಭತ್ತದ ಸುಂಕು, ಸುಣ್ಣದ ಪುಡಿ ಬೇರೆ. ಆದ್ದರಿಂದ ನಮ್ಮ ಕಡೆಗೆ ಪಕ್ಕಕ್ಕೆ ಬಿಚ್ಚುವ ಚಾಕುವೇ ಸರಿ, ಅದರ ಬೆನ್ನೂ ತೆರೆದಿರಬೇಕು. ಹಿಡಿಯ ಎರಡು ಹೋಳುಗಳ ನಡುವೆ ಬರೀ ಗಿಡ್ಡ ಕಂಬಗಳಿದ್ದರೆ ಬಿಂದಿಗೆ ನೀರು ಸುರಿದು ತೊಳೆಯಬಹುದು. ತಿರುಪು ನಕ್ಷತ್ರ ತಲೆಯವು ಬೇಡ, ಸೀಳು ತಲೆಯವು ಬೇಕು. ದೇವದುರ್ಗದಲ್ಲಿ ಸೈಕಲ್ ಅಂಗಡಿಯ ಸ್ಕ್ರೂಡ್ರೈವರಿನಿಂದ ಬಿಚ್ಚಲಾಗದ ಚಾಕು ಅಲ್ಲಿಯವರದಾಗುವುದಿಲ್ಲ. ಸ್ಪ್ರಿಂಗು ಎಂದಾದರೊಂದು ದಿನ ಮುರಿಯುವ ಸಾಮಾನು, ಡಬ್ಬಿಯಲ್ಲೇ ಇನ್ನೊಂದು ಇಟ್ಟು ಕೊಡಲಿ. ಸ್ಪ್ರಿಂಗು ಮುರಿದ ದಿನವೂ ಉಗುರಿನಿಂದ ಬಿಚ್ಚಲು ಅಲಗಿನ ಮೇಲೊಂದು ಗೀರು ಇರಬೇಕು. ಫ್ರಾನ್ಸಿನ ಒಪಿನೆಲ್ ಮನೆತನದವರು 1890ರಲ್ಲಿ ಮಾಡಿದ ಮರದ ಹಿಡಿಯ ಚಾಕುವಿನಲ್ಲಿ ಆ ಗೀರು ಬಿಟ್ಟರೆ ಬೇರೇನಿರಲಿಲ್ಲ. ತಿರುಗಿಸುವ ಉಂಗುರದ ಬೀಗ ಅದಕ್ಕೆ ಬಂದದ್ದು 1955ರಲ್ಲಿ. ರೈತರ ಕಿಸೆಯಲ್ಲಿ ಅದು ಇಂದಿಗೂ ಬಾಳುತ್ತಿದೆ.

ಬಟನ್ ತಾನಾಗಿ ಒತ್ತಿಹೋಗುವ ಭಯ ಸುಳ್ಳಲ್ಲ. ಕೂತಾಗ ತೊಡೆ ಸಂದಿಯಲ್ಲಿ ಬಿಚ್ಚಿಕೊಂಡರೆ ಗತಿ ಏನು? ಜಾರುವ ಚಿಲಕ ಇಡುವುದು ರೂಢಿ. ನನಗೆ ಅದು ಸಾಲದು, ಚಿಲಕದ ಹಾದಿಗೆ ಮಣ್ಣು ತುಂಬುತ್ತದೆ. ಬಟನನ್ನು ಹಿಡಿಯ ಮಟ್ಟಕ್ಕಿಂತ ಕೆಳಗೆ ಗುಣಿಯಲ್ಲಿ ಕೂರಿಸಲಿ, ಹೆಬ್ಬೆರಳ ತುದಿ ಬೇಕೆಂದೇ ಇಳಿದಾಗ ಮಾತ್ರ ಸಿಗಲಿ. ಚಿಮ್ಮುವ ರಭಸವೂ ಕಡಿಮೆ ಸಾಕು. ಕೈಗೆ ಒದೆ ಕೊಟ್ಟು ಜಾರಿಹೋಗುವಷ್ಟು ಬಿರುಸು ಯಾರಿಗೂ ಬೇಕಿಲ್ಲ. ಎಲ್ಲರೂ ತೆರೆಯುವುದನ್ನೇ ಮೆಚ್ಚುತ್ತಾರೆ, ಮುಚ್ಚುವುದನ್ನು ಯಾರೂ ಕೇಳುವುದಿಲ್ಲ. ಒಂದೇ ಕೈಯಲ್ಲಿ, ಬೆರಳು ಅಲಗಿನ ಹಾದಿಗೆ ಬರದ ಹಾಗೆ ಮುಚ್ಚಲು ಬರಬೇಕು. ಹಾಗೆ ಬರದ ಚಾಕುವನ್ನು ನಾನು ಅರ್ಧ ಚಾಕು ಅಂತಲೇ ಲೆಕ್ಕ ಹಿಡಿಯುತ್ತೇನೆ.

ಉಕ್ಕಿನ ವಿಷಯಕ್ಕೆ ಬಂದರೆ ನನ್ನ ಮಾತು ನಿಲ್ಲುವುದಿಲ್ಲ, ಮೇಷ್ಟ್ರಾಗಲೇ ಒಳಗೆ ಹೋಗಲು ತಿರುಗಿದ್ದರು. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಮೈಕೆಲ್ ಫ್ಯಾರಡೆಯ ಜೊತೆ ಕೂತು ಎರಡು ನೂರು ವರ್ಷಗಳ ಹಿಂದೆ ಪರೀಕ್ಷೆ ಮಾಡಿದ್ದು ನಮ್ಮ ದಕ್ಷಿಣದ ಮೂಸೆ ಉಕ್ಕನ್ನೇ. 1956ರವರೆಗೆ ನಾವಿದ್ದ ಹೈದರಾಬಾದ್ ಸೀಮೆಯ ಕೋನಸಮುದ್ರಕ್ಕೆ ಪರ್ಷಿಯಾದ ವ್ಯಾಪಾರಿಗಳು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಇತ್ತ ನಮ್ಮ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿ ಕಾಲದ ಕಬ್ಬಿಣ ಸಿಕ್ಕಿದೆ. ಈಗ ಚಾಕುಪ್ರಿಯರ ಬಾಯಲ್ಲಿರುವುದು ಮ್ಯಾಗ್ನಾಕಟ್, ಲ್ಯಾರಿನ್ ಥಾಮಸ್ ಎಂಬ ಲೋಹವಿಜ್ಞಾನಿ ರೂಪಿಸಿ 2021ರಲ್ಲಿ ಮಾರುಕಟ್ಟೆಗೆ ಬಂದ ಉಕ್ಕು. ತುಕ್ಕೂ ಹಿಡಿಯದು, ಸುಲಭವಾಗಿ ಚಕ್ಕೆಯೂ ಏಳದು. ಗದ್ದೆ ನೀರು ಮತ್ತು ಬೆವರಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೂ ನಾನು ಬೇರೆಯದನ್ನು ಕೇಳುತ್ತೇನೆ. ಲಾರಿ ಪಾಟಾ ಬಡಿದು ಕುಡುಗೋಲು ಮಾಡುವ ನಮ್ಮ ಕಮ್ಮಾರರ ಅಲಗು ತುಕ್ಕು ಹಿಡಿದರೂ ಬದುವಿನ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಕೊಯ್ಯುತ್ತದೆ. ಮೊಂಡಾದ ದಿನ ಹೊಲದಲ್ಲೇ ಹರಿತವಾಗುವ ಗುಣ ಮೊದಲು, ವರ್ಷಗಟ್ಟಲೆ ಮೊಂಡಾಗದ ಗುಣ ಆಮೇಲೆ.

ಹಿಡಿ ಲೋಹದ್ದು ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಗಳಿಗೆ ಹೊತ್ತು ಇಟ್ಟ ಅಲ್ಯೂಮಿನಿಯಂ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಕಪ್ಪು ಬಣ್ಣವೂ ಬೇಡ, ಎರೆಹೊಲದಲ್ಲಿ ಬಿದ್ದರೆ ಕಾಣುವುದಿಲ್ಲ. ಕೆಂಪೋ ಕಿತ್ತಳೆಯೋ ಇರಲಿ. ಪ್ಯಾಂಟಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು ಎಷ್ಟು ಆಳ, ಎಡಗೈಯವರಿಗೂ ಆಗುವುದೋ ಎಂದು ಹೊರಗಿನವರು ವಾದ ಮಾಡುತ್ತಾರೆ. ಧೋತರ ಉಟ್ಟ ಕುರುಬರಿಗೆ ಕ್ಲಿಪ್ಪಿನಿಂದ ಏನಾಗಬೇಕು? ಹಿಡಿಯ ಹಿಂದೆ ಉಡಿದಾರ ಪೋಣಿಸುವಷ್ಟು ದೊಡ್ಡ ತೂತು ಕೊರೆಯಲಿ, ತೂತಿನ ಅಂಚು ದಾರ ಸವೆಯದಂತೆ ನುಣುಪಾಗಿರಲಿ.

ಇಷ್ಟೆಲ್ಲ ಕೇಳಿದ ಮೇಲೆ ಮೇಷ್ಟ್ರ ಮನೆಯವರು ಹಿತ್ತಿಲಿನಿಂದಲೇ ಒಂದು ಮಾತು ಹಾಕಿದರು: “ನಮ್ಮ ಈಳಿಗಿ ಮಣಿ ಮಡಚೂದಿಲ್ಲೇನ್ರೀ? ಎರಡೂ ಕೈ ಕಾಯಿಪಲ್ಲೆ ಮ್ಯಾಲ ಇರ್ತಾವ, ಅಲಗು ಕಾಲಾಗ ಇರ್ತದ.” ಸರಿಯಾದ ಮಾತು. ಕೆಲಸ ಮುಗಿದ ಮೇಲೆ ಮಣೆಗೆ ಒರಗಿ ಮಲಗುವ ಆ ಅಲಗು ನಮ್ಮ ಮನೆಮನೆಯ ಮಡಚು ಚಾಕುವೇ. ಹೊಸ ಚಾಕು ಗೀಚುವವರು ಕಂಪ್ಯೂಟರ್ ಮುಂದೆ ಕೂರುವ ಮೊದಲು ಅವರನ್ನೊಮ್ಮೆ ಕೇಳಲಿ. ಮಾನ್ವಿಯ ನಾಟಿಯ ಹೆಣ್ಣುಮಕ್ಕಳನ್ನೂ ಕೇಳಲಿ, ಅವರ ಕೈ ಅಳತೆಗೆ ಹಿಡಿ ಮಾಡುವವರು ಇನ್ನೂ ಯಾರೂ ನನಗೆ ಸಿಕ್ಕಿಲ್ಲ. ಮೇಷ್ಟ್ರಿಗೂ ಈಗ ಒಂದು ಬೇಕಂತೆ. ಆದರೆ ಅಲಗು ಎರಡೇ ಇಂಚು ಇರಲಿ ಅಂತಾರೆ. ಅದನ್ನು ಮಾತ್ರ ನಾನು ಒಪ್ಪಿಲ್ಲ.