ಗೋದಲಿ ಮೀಮಾಂಸೆ: ಕತ್ತೆಗೆ ದಾಖಲೆಯುಂಟೇ?

1. ಲಕ್ಷಣ

ಕ್ರಿಸ್‌ಮಸ್ ಕಾಲದಲ್ಲಿ ಚರ್ಚಿನ ಅಂಗಳ, ಮನೆಯ ಪಡಸಾಲೆ, ಅಂಗಡಿಯ ಗಾಜಿನ ಕಪಾಟು ಮುಂತಾದೆಡೆ ಹುಲ್ಲು, ಗೊಂಬೆ ಮತ್ತು ಸೀರಿಯಲ್ ಸೆಟ್ಟುಗಳಿಂದ ಕಟ್ಟುವ ಯೇಸುವಿನ ಜನನದೃಶ್ಯಕ್ಕೆ ಗೋದಲಿ ಎಂದು ಹೆಸರು. ಶಿಶು, ತಾಯಿ, ತಂದೆ, ಎತ್ತು, ಕತ್ತೆ, ಕುರುಬರು, ಕುರಿಗಳು, ಮೂವರು ರಾಜರು, ಒಂಟೆ, ದೇವದೂತ, ಬಾಲವುಳ್ಳ ನಕ್ಷತ್ರ ಇವು ಅದರ ಅಂಗಗಳು. ಇವುಗಳಲ್ಲಿ ಒಂದು ಕಡಿಮೆಯಾದರೂ ಮಕ್ಕಳು ತಕರಾರು ತೆಗೆಯುತ್ತಾರೆ. ಎಲ್ಲವೂ ಇದ್ದರೆ ವಿದ್ವಾಂಸರು ತಕರಾರು ತೆಗೆಯುತ್ತಾರೆ. ಈ ಎರಡು ತಕರಾರುಗಳ ವಿಚಾರಣೆಯೇ ಗೋದಲಿ ಮೀಮಾಂಸೆ.

ಈ ಶಾಸ್ತ್ರದಲ್ಲಿ ಪಂಥಗಳು ಎರಡು. ದಾಖಲೆಪಂಥದ ಪ್ರಕಾರ, ಮೂಲಗ್ರಂಥದಲ್ಲಿ ಹೆಸರಿಲ್ಲದ ಯಾರಿಗೂ ಗೋದಲಿಯಲ್ಲಿ ನಿಲ್ಲುವ ಹಕ್ಕಿಲ್ಲ. ಸ್ವಾಧೀನಪಂಥದ ಪ್ರಕಾರ, ಪಹಣಿಯಲ್ಲಿ ಹೆಸರಿಲ್ಲದಿದ್ದರೂ ತಲೆಮಾರುಗಳಿಂದ ಉಳುತ್ತ ಬಂದವನನ್ನು ಹೊಲದಿಂದ ಎಬ್ಬಿಸಲಾಗದಂತೆ, ಬಹುಕಾಲ ಗೋದಲಿಯಲ್ಲಿ ನಿಂತ ಗೊಂಬೆಯನ್ನೂ ಎಬ್ಬಿಸಲಾಗದು. ಎರಡೂ ಕಡೆಯ ಅಹವಾಲುಗಳನ್ನು ಇಲ್ಲಿ ಅಂಗವಾರು ಪರಿಶೀಲಿಸಲಾಗಿದೆ.

2. ಪ್ರಮಾಣ ಪ್ರಕರಣ

ಯೇಸುವಿನ ಕಥೆ ಹೇಳುವ ಬೈಬಲ್ಲಿನ ಸುವಾರ್ತೆಗಳು ನಾಲ್ಕು. ಮಾರ್ಕನು ಯೇಸುವಿನ ದೀಕ್ಷಾಸ್ನಾನದ ಹೊತ್ತಿಗೆ ಕಥೆ ಎತ್ತಿಕೊಳ್ಳುವುದರಿಂದ ಗೋದಲಿಗೆ ಅವನ ಕೊಡುಗೆ ಸೊನ್ನೆ. ಯೋಹಾನನು ಸೃಷ್ಟಿಗೂ ಮುಂಚಿನಿಂದ ಹೇಳತೊಡಗುವುದರಿಂದ ಆ ಭಾಗವನ್ನು ಗೊಂಬೆಯಲ್ಲಿ ತೋರಿಸುವ ಧೈರ್ಯ ಯಾವ ಕುಂಬಾರನಿಗೂ ಬಂದಿಲ್ಲ. ಉಳಿದ ಸಾಕ್ಷಿಗಳು ಇಬ್ಬರೇ: ಮತ್ತಾಯ ಮತ್ತು ಲೂಕ.

ಲೂಕನಲ್ಲಿ ಜನಗಣತಿಯಿದೆ, ಬಟ್ಟೆಯಲ್ಲಿ ಸುತ್ತಿದ ಕೂಸಿದೆ, ದನದ ಮೇವಿನ ತೊಟ್ಟಿಯಿದೆ, ರಾತ್ರಿ ಮಂದೆ ಕಾಯುವ ಕುರುಬರಿದ್ದಾರೆ, ದೇವದೂತರ ದಂಡೇ ಇದೆ, ನಕ್ಷತ್ರವಿಲ್ಲ, ಜೋಯಿಸರಿಲ್ಲ. ಮತ್ತಾಯನಲ್ಲಿ ನಕ್ಷತ್ರವಿದೆ, ಮೂಡಣದ ಜೋಯಿಸರಿದ್ದಾರೆ, ಚಿನ್ನ, ಧೂಪ, ರಕ್ತಬೋಳಗಳಿವೆ, ಹೆರೋದ ರಾಜನ ಸಿಟ್ಟಿದೆ, ತೊಟ್ಟಿಯಿಲ್ಲ, ಕುರುಬರಿಲ್ಲ. ಕುರುಬರೂ ಜೋಯಿಸರೂ ಎದುರುಬದುರು ಮಂಡಿಯೂರಿದ ಪ್ರತಿಯೊಂದು ಗೋದಲಿಯಲ್ಲೂ ಪರಸ್ಪರ ಪರಿಚಯವಿಲ್ಲದ ಎರಡು ಕಥೆಗಳ ಪಾತ್ರಗಳು ಒಂದೇ ಹುಲ್ಲಿನ ಮೇಲೆ ಕೂತಿರುತ್ತವೆ.

ಕೊಟ್ಟಿಗೆಯಂತೂ ಇಬ್ಬರಲ್ಲೂ ಇಲ್ಲ. ಮೇವಿನ ತೊಟ್ಟಿ ಇದ್ದಲ್ಲಿ ಕೊಟ್ಟಿಗೆಯೂ ಇರಲೇಬೇಕೆಂಬುದು ಬರೀ ಅನುಮಾನ ಪ್ರಮಾಣ. 2ನೇ ಶತಮಾನದ ಜಸ್ಟಿನ್ ಮಾರ್ಟರ್ ಅದನ್ನು ಗುಹೆ ಎಂದ. ಬೈಬಲ್ಲಿನ ಅಂಗೀಕೃತ ಪಟ್ಟಿಗೆ ಸೇರದ, ಅದೇ ಶತಮಾನದ ಯಾಕೋಬನ ಆದಿಸುವಾರ್ತೆಯೂ ಗುಹೆ ಎನ್ನುತ್ತದೆ. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಜನನದ ಊರಾದ ಬೆತ್ಲೆಹೇಮಿನಲ್ಲಿ ಚರ್ಚು ಕಟ್ಟಿಸಿದ್ದೂ ಗುಹೆಯ ಮೇಲೆಯೇ. ಪೂರ್ವದ ಆರ್ಥಡಾಕ್ಸ್ ಚಿತ್ರಕಾರರು ಇಂದಿಗೂ ಗುಹೆಯನ್ನೇ ಬರೆಯುತ್ತಾರೆ. ಪಶ್ಚಿಮದವರು ಮಾತ್ರ ತೊಲೆ ನಿಲ್ಲಿಸಿ ಹುಲ್ಲಿನ ಮಾಡು ಹೊದಿಸಿದರು. ಶಾಲಾ ನಾಟಕಗಳಲ್ಲಿ ಬಾಗಿಲಿಗೆ ಅಡ್ಡ ನಿಂತು ಜಾಗವಿಲ್ಲ ಎಂದು ಕೈಯಾಡಿಸುವ ಛತ್ರದ ಯಜಮಾನನೂ ಲೂಕನಲ್ಲಿ ಇಲ್ಲ. ಒಂದು ಮಾತೂ ಆಡದವನು ಇಷ್ಟು ಶಾಪ ಹೊತ್ತ ಉದಾಹರಣೆ ಅಪರೂಪ.

ಸ್ವಾಧೀನಪಂಥದ ಕೈಯೂ ಶುದ್ಧವಲ್ಲ. ಪೂರ್ವದ ಚಿತ್ರಗಳಲ್ಲಿ ಕೂಸನ್ನು ಮೀಯಿಸುವ ಸೂಲಗಿತ್ತಿಯರು ಇಂದಿಗೂ ಇದ್ದಾರೆ; ಪಶ್ಚಿಮದ ಗೋದಲಿಗಳಲ್ಲಿ ಅವರನ್ನು ಸದ್ದಿಲ್ಲದೆ ಒಕ್ಕಲೆಬ್ಬಿಸಲಾಯಿತು. ಹೆರಿಗೆಯಾದ ಮನೆಯಲ್ಲಿ ಕೆಲಸವಿದ್ದವರು ಅವರಷ್ಟೇ ಎಂಬ ವಾದ ಯಾರ ಕಿವಿಗೂ ಬೀಳಲಿಲ್ಲ.

3. ಪಶು ಪ್ರಕರಣ

ಎತ್ತು, ಕತ್ತೆಗಳೆರಡೂ ಸುವಾರ್ತೆಗಳ ಜನನಕಥೆಯಲ್ಲಿ ಕಾಣೆ. ಅವು ಬಂದದ್ದು ಹಳೆಯ ಒಡಂಬಡಿಕೆಯ ಯೆಶಾಯನಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ತನ್ನ ಒಡೆಯನ ಮೇವಿನ ತೊಟ್ಟಿ ಗೊತ್ತು, ಜನಕ್ಕೆ ಮಾತ್ರ ಏನೂ ಗೊತ್ತಿಲ್ಲ ಎಂದು ಪ್ರವಾದಿ ತನ್ನವರನ್ನು ಗದರಿದ್ದ. ಬೈಗುಳದಲ್ಲಿ ಬಂದ ಪ್ರಾಣಿಗಳು ಹೀಗೆ ಏಳು ಶತಮಾನ ಮುಂದೆ ನಡೆದು ಬೆತ್ಲೆಹೇಮು ಸೇರಿದವು. ಅವುಗಳನ್ನು ಜನನದ ಕಥೆಯೊಳಗೆ ಬರಹದಲ್ಲಿ ಕಟ್ಟಿದ್ದು ಹುಸಿ-ಮತ್ತಾಯನ ಸುವಾರ್ತೆ ಎಂದು ಹೆಸರಾದ, ಸುಮಾರು 7ನೇ ಶತಮಾನದ ಗ್ರಂಥ.

ಬರಹಕ್ಕಿಂತ ಕಲ್ಲು ಹಳೆಯದು. ಮಿಲಾನಿನ ಸಂತ ಆಂಬ್ರೋಸರ ಬಸಿಲಿಕಾದಲ್ಲಿ 4ನೇ ಶತಮಾನದ ಕೊನೆಯ ಶಿಲಾ ಶವಪೆಟ್ಟಿಗೆಯೊಂದಿದೆ. ಅದರ ಮುಚ್ಚಳದ ತ್ರಿಕೋನದಲ್ಲಿ ಬಟ್ಟೆ ಸುತ್ತಿದ ಶಿಶು, ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ಕತ್ತೆ. ತಾಯಿಯಿಲ್ಲ, ತಂದೆಯಿಲ್ಲ. ದಾಖಲೆಯಿದ್ದವರು ಇನ್ನೂ ಸರದಿಯಲ್ಲಿ ನಿಂತಿರುವಾಗ ದಾಖಲೆಯಿಲ್ಲದವು ಒಳಗೆ ಹೋಗಿ ಕೂತಿದ್ದವು.

ಇದಕ್ಕಿಂತ ಗಂಭೀರವಾದ ಸಾಕ್ಷ್ಯ ಇಟಲಿಯ ಗ್ರೆಚ್ಚೋ ಎಂಬ ಗುಡ್ಡದೂರಿನದು. ಈಗಿನ ಗೋದಲಿಗಳೆಲ್ಲ ತಮ್ಮ ವಂಶಾವಳಿಯನ್ನು 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿ ಏರ್ಪಡಿಸಿದ ಪೂಜೆಗೆ ಒಯ್ಯುತ್ತವೆ. ಕೆಲವೇ ವರ್ಷಗಳ ಬಳಿಕ ಸಂತರ ಚರಿತ್ರೆ ಬರೆದ ಚೆಲಾನೋದ ಥಾಮಸ್ ಅಲ್ಲಿದ್ದವುಗಳ ವಿವರ ಕೊಟ್ಟಿದ್ದಾನೆ: ಮೇವಿನ ತೊಟ್ಟಿ, ಒಣಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ. ಮರಿಯಳ ವೇಷದವರಿಲ್ಲ, ಯೋಸೇಫನ ವೇಷದವರಿಲ್ಲ, ಶಿಶುವಿನ ಗೊಂಬೆಯೂ ಇಲ್ಲ; ಖಾಲಿ ತೊಟ್ಟಿಯಲ್ಲಿ ಮಲಗಿದ್ದ ಮಗು ನೆರೆದವರಲ್ಲಿ ಒಬ್ಬನಿಗೆ ಮಾತ್ರ ದರ್ಶನವಾಗಿ ಕಂಡಿತು. ಆ ಹುಲ್ಲನ್ನು ಆಮೇಲೆ ಸುತ್ತಲ ಸೀಮೆಯ ರೋಗದ ಜಾನುವಾರುಗಳಿಗೆ ತಿನ್ನಿಸಿದ್ದರಿಂದ ಗುಣವಾಯಿತೆಂದೂ ಥಾಮಸ್ ಬರೆದಿದ್ದಾನೆ. ಇಲ್ಲಿಂದ ಹೊರಡುವ ಸಿದ್ಧಾಂತ ದಾಖಲೆಪಂಥಕ್ಕೆ ನುಂಗಲಾರದ ತುತ್ತು: ಗೋದಲಿಯ ಚರಿತ್ರೆಗೆ ನಿಷ್ಠವಾದ ಗೋದಲಿಯಲ್ಲಿ ಸುವಾರ್ತೆ ಹೆಸರಿಸದ ಎರಡು ಪ್ರಾಣಿಗಳು ಮಾತ್ರ ಇರತಕ್ಕದ್ದು.

2012ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಯೇಸುವಿನ ಬಾಲ್ಯದ ಕುರಿತ ತಮ್ಮ ಪುಸ್ತಕದಲ್ಲಿ ಸುವಾರ್ತೆಯಲ್ಲಿ ಪ್ರಾಣಿಗಳ ಮಾತಿಲ್ಲ ಎಂದು ಗಮನಿಸಿದರು. ಪೋಪರು ಕತ್ತೆಯನ್ನು ಓಡಿಸಿದರು ಎಂಬಂತೆ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಅದೇ ಪುಟಗಳಲ್ಲಿ ಅವರು, ಯಾವ ಗೋದಲಿಯೂ ಎತ್ತು-ಕತ್ತೆಗಳನ್ನು ಬಿಟ್ಟುಕೊಡುವುದಿಲ್ಲ ಎಂದೂ ಹೇಳಿದ್ದರು. ಕತ್ತೆಯ ಪರವಾದ ತೀರ್ಪಿಗೆ ತಲೆಬರಹದ ಭಾಗ್ಯ ಸಿಗಲಿಲ್ಲ.

ಕುರಿಗಳ ಸ್ಥಿತಿ ಅತಂತ್ರ. ಕುರುಬರು ಅವಸರದಿಂದ ಬಂದರು ಎಂದು ಲೂಕ ಹೇಳುತ್ತಾನೆ. ಮಂದೆಯನ್ನು ಕರೆತಂದರೋ, ಯಾರ ಸುಪರ್ದಿಗೆ ಬಿಟ್ಟು ಬಂದರೋ ಹೇಳುವುದಿಲ್ಲ.

4. ಜೋಯಿಸ ಪ್ರಕರಣ

ಮತ್ತಾಯನು ಜೋಯಿಸರೆಂದ; ರಾಜರೆನ್ನಲಿಲ್ಲ. ಬಂದರೆಂದ, ಎಷ್ಟು ಮಂದಿ ಎನ್ನಲಿಲ್ಲ. ಕಾಣಿಕೆ ಮೂರು ಬಗೆಯಾದ್ದರಿಂದ ತಂದವರೂ ಮೂವರೇ ಎಂಬ ಲೆಕ್ಕ ಆಮೇಲಿನದು. ರೋಮಿನ ನೆಲಮಾಳಿಗೆಯ ಸಮಾಧಿಚಿತ್ರಗಳಲ್ಲಿ ಒಂದೆಡೆ ಇಬ್ಬರು, ಇನ್ನೊಂದೆಡೆ ನಾಲ್ವರು ಇದ್ದಾರೆ. ಸಿರಿಯಾದ ಸಂಪ್ರದಾಯದಲ್ಲಿ ಹನ್ನೆರಡು ಮಂದಿ. ಗೊಂಬೆ ಕೊಳ್ಳುವವರ ಜೇಬಿನ ದೃಷ್ಟಿಯಿಂದ ಮೂರು ಎಂಬ ಸಂಖ್ಯೆ ಗೆದ್ದದ್ದು ಕ್ಷೇಮವೇ ಆಯಿತು. ಕಿರೀಟ ಬಂದದ್ದು 72ನೇ ಕೀರ್ತನೆಯಿಂದ, ಒಂಟೆ ಬಂದದ್ದು ಮತ್ತೆ ಯೆಶಾಯನಿಂದ. ಗೋದಲಿಗೆ ಪ್ರಾಣಿ ಒದಗಿಸುವ ಗುತ್ತಿಗೆ ಪೂರ್ತಿಯಾಗಿ ಯೆಶಾಯನದೇ ಎಂಬುದು ಇದರಿಂದ ಸ್ಪಷ್ಟ.

ಇಟಲಿಯ ರವೆನ್ನಾದ 6ನೇ ಶತಮಾನದ ಮೊಸಾಯಿಕ್‌ನಲ್ಲಿ ಮೂವರ ತಲೆಯ ಮೇಲೆ ಬಾಲ್ತಜಾರ್, ಮೆಲ್ಕಿಯೋರ್, ಗಾಸ್ಪರ್ ಎಂದು ಹೆಸರು ಬರೆದಿದೆ. ಪೂರ್ವದೇಶದ ಚೂಪು ಟೋಪಿ, ಚಿತ್ತಾರದ ಕಾಲುಡುಗೆ ತೊಟ್ಟು ಅವರು ಸಾಲಾಗಿ ಬಾಗಿ ನಡೆಯುತ್ತಿದ್ದಾರೆ. ಇಂಥದೇ ಪರ್ಷಿಯನ್ ಉಡುಪಿನ ಜೋಯಿಸರ ಚಿತ್ರ ಬೆತ್ಲೆಹೇಮಿನ ಚರ್ಚಿನಲ್ಲೂ ಇತ್ತೆಂದೂ, 614ರಲ್ಲಿ ದಾಳಿಯಿಟ್ಟ ಪರ್ಷಿಯನ್ ಸೈನಿಕರು ಅದರಲ್ಲಿ ತಮ್ಮವರನ್ನು ಕಂಡು ಚರ್ಚನ್ನು ಕೆಡವದೆ ಬಿಟ್ಟರೆಂದೂ ಒಂದು ಕಥೆಯಿದೆ. ಮತ್ತಾಯ ಉಡುಪಿನ ಬಗ್ಗೆ ಒಂದಕ್ಷರ ಬರೆದಿಲ್ಲ. ಗ್ರಂಥದಲ್ಲಿಲ್ಲದ ಟೋಪಿಯೊಂದು ಕಟ್ಟಡವನ್ನೇ ಉಳಿಸಿದ ಈ ಕಥೆಯನ್ನು ಸ್ವಾಧೀನಪಂಥದವರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಮೂವರ ಅಸ್ಥಿಗಳೆಂದು ನಂಬಲಾದವು 1164ರಲ್ಲಿ ಮಿಲಾನಿನಿಂದ ಜರ್ಮನಿಯ ಕಲೋನ್ ಸೇರಿ, ಅಲ್ಲಿನ ಕೆಥೆಡ್ರಲ್‌ನ ಚಿನ್ನದ ಪೆಟ್ಟಿಗೆಯಲ್ಲಿವೆ. ಸಂಖ್ಯೆಯೇ ನಿಗದಿಯಾಗದವರಿಗೆ ವಿಳಾಸ ನಿಗದಿಯಾಗಿದೆ.

ಆಗಮನದ ಸಮಯ ಇನ್ನೂ ಜಟಿಲ. ಜೋಯಿಸರು ಹೊಕ್ಕದ್ದು ಒಂದು ಮನೆಯನ್ನು ಎನ್ನುತ್ತಾನೆ ಮತ್ತಾಯ. ಅವರಿಂದ ಕಾಲ ವಿಚಾರಿಸಿಕೊಂಡ ಹೆರೋದ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ ಎನ್ನುತ್ತಾನೆ. ಹಾಗಾಗಿ ಅವರು ತಲುಪುವ ಹೊತ್ತಿಗೆ ಮಗು ನಡೆದಾಡುತ್ತಿದ್ದಿರಲೂ ಸಾಕು. ಅನೇಕ ಮನೆಗಳಲ್ಲಿ ರಾಜರ ಗೊಂಬೆಗಳನ್ನು ಮೊದಲು ಕೋಣೆಯ ಮೂಲೆಯಲ್ಲಿಟ್ಟು, ದಿನಕ್ಕಷ್ಟು ಸರಿಸುತ್ತ ಜನವರಿ 6ರ ಹಬ್ಬಕ್ಕೆ ಗೋದಲಿ ಮುಟ್ಟಿಸುವ ಪದ್ಧತಿಯಿದೆ. ದಾಖಲೆಪಂಥ ಇದನ್ನು ಮೆಚ್ಚುತ್ತದೆ, ಆದರೆ ವೇಗ ಅತಿಯಾಯಿತೆನ್ನುತ್ತದೆ: ರಾಜರು ಟೀವಿಯ ಪಕ್ಕದಲ್ಲಿ ಎರಡು ವರ್ಷ ಕಳೆಯತಕ್ಕದ್ದು.

5. ನಕ್ಷತ್ರ ಪ್ರಕರಣ

ಮತ್ತಾಯನ ನಕ್ಷತ್ರಕ್ಕೆ ಬಾಲವಿಲ್ಲ. ಬಾಲ ಅಂಟಿಸಿದ ಕೀರ್ತಿ ಬಹುಪಾಲು ಚಿತ್ರಕಾರ ಜೊತ್ತೊಗೆ ಸಲ್ಲುತ್ತದೆ. 1301ರಲ್ಲಿ ಹ್ಯಾಲಿ ಧೂಮಕೇತು ಕಾಣಿಸಿಕೊಂಡಿತ್ತು. ಅದಾದ ಕೆಲವೇ ವರ್ಷಗಳಲ್ಲಿ ಅವನು ಪಾದುವಾದ ಸ್ಕ್ರೊವೇನಿ ಚಾಪೆಲ್‌ನ ಗೋಡೆಯಲ್ಲಿ ಕೊಟ್ಟಿಗೆಯ ಮೇಲೆ ಉರಿಯುವ ಧೂಮಕೇತುವನ್ನೇ ಬರೆದ. 1986ರಲ್ಲಿ ಹ್ಯಾಲಿಯ ಹತ್ತಿರ ಹಾದುಹೋದ ಯುರೋಪಿನ ಗಗನನೌಕೆಗೆ ಅವನದೇ ಹೆಸರಿಡಲಾಯಿತು. ನಕ್ಷತ್ರದ ಮೂಲ ಹುಡುಕಿದ ಖಗೋಳಜ್ಞ ಕೆಪ್ಲರ್ ಕ್ರಿ.ಪೂ. 7ರಲ್ಲಿ ಗುರು-ಶನಿಗಳ ಯುತಿ ನಡೆದದ್ದನ್ನು ಲೆಕ್ಕ ಹಾಕಿದ್ದ. ಗುರು-ಶನಿ ಯುತಿಯ ಕಾಗದದ ನಕ್ಷತ್ರ ಮಾತ್ರ ಇನ್ನೂ ಅಂಗಡಿಗೆ ಬಂದಿಲ್ಲ.

6. ದೇಶಕಾಲ ಪ್ರಕರಣ

ಮತ್ತಾಯನ ಪ್ರಕಾರ ಜನನ ಹೆರೋದನ ಕಾಲದಲ್ಲಿ; ಹೆರೋದ ತೀರಿಕೊಂಡದ್ದು ಸಾಮಾನ್ಯ ಗಣನೆಯಂತೆ ಕ್ರಿ.ಪೂ. 4ರಲ್ಲಿ. ಲೂಕ ಹೇಳುವ, ರೋಮನ್ ಅಧಿಪತಿ ಕುರೇನ್ಯನ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. 6ನೇ ಶತಮಾನದಲ್ಲಿ ಕ್ರಿಸ್ತಶಕದ ಲೆಕ್ಕ ಹೂಡಿದ ಸನ್ಯಾಸಿ ಡಯೊನೀಸಿಯಸ್ ಇಬ್ಬರಿಗೂ ಒಪ್ಪದ ವರ್ಷವೊಂದನ್ನು ಆರಿಸಿದ. ಹೀಗಾಗಿ ಯೇಸು ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ ಎಂದು ವಿದ್ವಾಂಸರು ಯಾವ ಮುಜುಗರವೂ ಇಲ್ಲದೆ ಬರೆಯುತ್ತಾರೆ. ತಿಂಗಳು, ತಾರೀಖುಗಳನ್ನು ಸುವಾರ್ತೆಗಳು ಹೇಳಿಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಉಲ್ಲೇಖ 354ರ ಪಂಚಾಂಗವೊಂದರಲ್ಲಿದೆ, ಆರ್ಮೇನಿಯದ ಚರ್ಚು ಇಂದಿಗೂ ಜನವರಿ 6ಕ್ಕೇ ಅಂಟಿಕೊಂಡಿದೆ.

ಹಿಮದ ವಿಚಾರ. ಬೆತ್ಲೆಹೇಮು ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಿಮ ಅಪರೂಪಕ್ಕೆ ಬೀಳುತ್ತದೆ. ಬೆಂಗಳೂರು ಅದಕ್ಕಿಂತ ಎತ್ತರ. ಇಲ್ಲಿ ಹಿಮ ಬೀಳುವುದು ಗೋದಲಿಯ ಮಾಡಿನ ಮೇಲೆ ಮಾತ್ರ, ಅದೂ ಔಷಧಿ ಅಂಗಡಿಯ ಹತ್ತಿಯ ರೂಪದಲ್ಲಿ. ಅದೇ ಗೋದಲಿಯ ಬುಡದಲ್ಲಿ ಹಬ್ಬಕ್ಕೆ ವಾರ-ಹತ್ತು ದಿನ ಮುಂಚೆ ತಟ್ಟೆಯಲ್ಲಿ ಚೆಲ್ಲಿ, ನೀರು ಚಿಮುಕಿಸಿ ಮೊಳೆಯಿಸಿದ ರಾಗಿಯ ಎಳೆ ಪೈರು ನಳನಳಿಸುತ್ತಿರುತ್ತದೆ. ಮೇಲೆ ಹಿಮಪಾತ, ಕೆಳಗೆ ರಾಗಿ ಹೊಲ, ನಡುವೆ ಕನ್ನಡಿ ಚೂರಿನ ಕೊಳದಲ್ಲಿ ಪ್ಲಾಸ್ಟಿಕ್ ಬಾತುಕೋಳಿ. ಇಂಥ ಹವಾಮಾನ ಭೂಗೋಳಶಾಸ್ತ್ರದ ಯಾವ ವಲಯಕ್ಕೂ ಸೇರದು.

7. ಇತರೇ ಜನ ಪ್ರಕರಣ

ನೇಪಲ್ಸ್ ನಗರದ ಗೋದಲಿಗಳು 18ನೇ ಶತಮಾನದಲ್ಲಿ ಬೂರ್ಬೊನ್ ದೊರೆ ಚಾರ್ಲ್ಸ್‌ನ ಆಶ್ರಯದಲ್ಲಿ ಬೆಳೆದವು. ಅವುಗಳಲ್ಲಿ ಮೀನು ಮಾರುವವಳು, ಕಸಾಯಿ, ಹೋಟೆಲಿನವನು ಎಲ್ಲರೂ ಸೇರಿ ಸಂತೆಯೇ ನೆರೆದಿರುತ್ತದೆ. ಪವಿತ್ರ ಕುಟುಂಬವನ್ನು ಹುಡುಕಿಕೊಳ್ಳಬೇಕು. ಅಲ್ಲಿನ ಸ್ಯಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯಲ್ಲಿ ಪಿಜ್ಜಾ ಬೇಯಿಸುವವನೂ ಫುಟ್ಬಾಲ್ ಆಟಗಾರ ಮರಡೋನನೂ ಜೋಯಿಸರ ಪಕ್ಕದ ಕಪಾಟಿನಲ್ಲೇ ಮಾರಾಟಕ್ಕಿದ್ದಾರೆ. ಫ್ರಾನ್ಸಿನ ಕ್ರಾಂತಿಯಲ್ಲಿ ಚರ್ಚುಗಳು ಮುಚ್ಚಿದಾಗ ಪ್ರೊವಾನ್ಸ್ ಸೀಮೆಯವರು ಮನೆಯೊಳಗೇ ಗೋದಲಿ ಕಟ್ಟತೊಡಗಿ, ಊರಿನ ಮೇಯರ್, ಹಿಟ್ಟಿನ ಗಿರಣಿಯವನು, ಚೂರಿ ಸಾಣೆಯವನು ಮುಂತಾದ ಮಣ್ಣಿನ ಗೊಂಬೆಗಳನ್ನು ಕೂಡಿಸಿದರು. ಪೋಲೆಂಡಿನ ಕ್ರಾಕೋವ್‌ನವರು ಕೊಟ್ಟಿಗೆಯನ್ನೇ ಕೈಬಿಟ್ಟು ತಮ್ಮೂರ ಚರ್ಚುಗಳ ಗೋಪುರಗಳನ್ನು ಬಣ್ಣದ ಬೇಗಡೆಯಲ್ಲಿ ಎಬ್ಬಿಸುತ್ತಾರೆ. 2018ರಲ್ಲಿ ಯುನೆಸ್ಕೊ ಆ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ಅತ್ಯಂತ ತೊಡಕಿನ ವ್ಯಕ್ತಿ ಸ್ಪೇನಿನ ಕ್ಯಾಟಲೋನಿಯಾದ ಕಾಗನೇರ್. ಕೆಂಪು ಟೋಪಿ, ಬಿಳಿ ಅಂಗಿಯ ಈ ರೈತ ಗೋದಲಿಯ ಹಿಂದಿನ ಪೊದೆಯ ಮರೆಯಲ್ಲಿ ಚಲ್ಲಣ ಇಳಿಸಿ ಬಯಲುಕಡೆಗೆ ಕೂತಿರುತ್ತಾನೆ. ಅವನು ಭೂಮಿಗೆ ಗೊಬ್ಬರ ಒದಗಿಸುವ ಶುಭಕಾರಿ ಎಂಬುದು ವ್ಯಾಖ್ಯಾನಕಾರರ ಮತ. 2005ರಲ್ಲಿ ಬಾರ್ಸಿಲೋನಾ ನಗರಸಭೆ ತನ್ನ ಗೋದಲಿಯಿಂದ ಅವನನ್ನು ಕೈಬಿಟ್ಟಿತು. ಸುವಾರ್ತೆಯಲ್ಲಿ ಅವನಿಲ್ಲ ಎಂದು ಅಲ್ಲ, ಸಾರ್ವಜನಿಕ ಸ್ಥಳದಲ್ಲಿ ಮಲವಿಸರ್ಜನೆ ನಗರದ ನಿಯಮಕ್ಕೆ ವಿರುದ್ಧ ಎಂದು. ಜನ ಅವನನ್ನು ಉಳಿಸಲು ಚಳವಳಿ ಹೂಡಿದರು. ಮರುವರ್ಷ ಅವನು ತನ್ನ ಜಾಗಕ್ಕೆ ಮರಳಿದ. ಗೋದಲಿಯ ಇತಿಹಾಸದಲ್ಲಿ ಪೌರಾಡಳಿತದೆದುರು ಹೋರಾಡಿ ಸ್ವಾಧೀನ ಮರಳಿ ಪಡೆದ ಗೊಂಬೆ ಇವನು.

8. ನಿರ್ಣಯ

ದಾಖಲೆಪಂಥದ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಪ್ರತಿ ಮನೆಗೂ ಎರಡು ಗೋದಲಿ ಬೇಕು: ಕುರುಬರಿದ್ದು ನಕ್ಷತ್ರವಿಲ್ಲದ ಲೂಕನದೊಂದು, ನಕ್ಷತ್ರವಿದ್ದು ತೊಟ್ಟಿಯಿಲ್ಲದ ಮತ್ತಾಯನದೊಂದು, ಎರಡರ ನಡುವೆ ವರ್ಷಗಳ ಅಂತರ. ಸ್ವಾಧೀನಪಂಥದ ನಿಯಮಕ್ಕೆ ಎಲ್ಲೆಯೇ ಇಲ್ಲದ್ದರಿಂದ ಮರಡೋನನನ್ನು ತಡೆಯುವವರಿಲ್ಲ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಗ್ರೆಚ್ಚೋದಲ್ಲಿ ಸಹಿ ಹಾಕಿದ ಪತ್ರದಲ್ಲಿ, ಸುವಾರ್ತೆಗೆ ಸಂಬಂಧವಿಲ್ಲದಂತೆ ಕಾಣುವ ಗೊಂಬೆಗಳಿಗೂ ಅಲ್ಲಿ ಜಾಗವುಂಟೆಂಬ ಅರ್ಥದ ಮಾತು ಬರೆದು ಮೇಲ್ಮನವಿಯ ದಾರಿಯನ್ನೂ ಮುಚ್ಚಿದರು.

ಗೋದಲಿಯಲ್ಲಿ ಕರಾರುವಾಕ್ಕಾಗಿ ದಾಖಲಾಗಿರುವುದು ಕಟ್ಟಿದವರ ಊರು. ನೇಪಲ್ಸಿನ ಸಂತೆ, ಪ್ರೊವಾನ್ಸಿನ ಮೇಯರ್, ಬೆಂಗಳೂರಿನ ರಾಗಿ ಇವುಗಳ ಮಟ್ಟಿಗೆ ಅದು ನಂಬಬಹುದಾದ ಚಾರಿತ್ರಿಕ ಆಕರ. ಯೇಸು ಹುಟ್ಟಿದ ಕಾಲದ ಬೆತ್ಲೆಹೇಮಿನ ಬಗ್ಗೆ ಅದರ ಸಾಕ್ಷ್ಯ ಸ್ವೀಕಾರಾರ್ಹವಲ್ಲ.

ಆದಕಾರಣ, ಹಬ್ಬದ ದಿನ ಮನೆಗೆ ಬಂದು ಲೂಕನಲ್ಲಿ ಕತ್ತೆ ಎಲ್ಲಿದೆ ಎಂದು ಕೇಳುವ ಅತಿಥಿಗಳಿಗೆ, ಅವರ ಮಾತು ಪೂರ್ತಿ ಸರಿಯೆಂದು ಒಪ್ಪಿ, ಒಂದು ಚೂರು ಕೇಕು ಕೊಡತಕ್ಕದ್ದು. ಕತ್ತೆಯನ್ನು ಇದ್ದಲ್ಲೇ ಬಿಡತಕ್ಕದ್ದು.