ಮಾಣಿ ಹಾರುವ ಮುನ್ನ

ಅಕ್ಕನ ಮಗ ದುಬೈಯಲ್ಲಿ ವಿಮಾನದಿಂದ ಹಾರುತ್ತಾನಂತೆ. ಕೆಳಗೆ ಪಾಮ್ ಜುಮೇರಾ, 13,000 ಅಡಿ ಮೇಲೆ ವಿಮಾನ, ನಡುವೆ ನಮ್ಮ ಮಾಣಿ. ಶುಲ್ಕ 2,000 ದಿರ್ಹಂ ದಾಟುತ್ತದೆ ಎಂದು ಗೊತ್ತಾದದ್ದೇ ತಡ, ಕುಂದಾಪುರದ ಮನೆಯಲ್ಲಿ ಪ್ರಾಣಭಯ ಹಿಂದೆ ಸರಿದು ದುಡ್ಡಿನ ಸಂಕಟ ಮುಂದೆ ಬಂತು. ದುಬೈಯಲ್ಲಿ ಕೂತು ಚಿನ್ನ ಕೊಳ್ಳುವುದು ಬಿಟ್ಟು ಗಾಳಿ ಕೊಳ್ಳುವವನಿಗೆ ಏನು ಹೇಳುವುದು? ಆದರೂ ಹಿರಿಯರು ದೊಡ್ಡ ಮನಸ್ಸು ಮಾಡಿ ಹೇಳಿದ್ದಾರೆ. ಮಾಣಿ, ಕೇಳಿಸಿಕೋ.

ದೊಡ್ಡಪ್ಪನ ಮಾತು: "ಹಾರು, ಬೇಡ ಅನ್ನುವುದಿಲ್ಲ. ಅಷ್ಟು ಮೇಲಿಂದ ಯಾಕೆ? ಮೊದಲು ಒಂದು ಸಾವಿರ ಅಡಿಯಿಂದ ಹಾರಿ ಅಭ್ಯಾಸ ಮಾಡಿಕೋ." ಕಡಿಮೆ ಎತ್ತರ, ಕಡಿಮೆ ಪೆಟ್ಟು ಎಂಬ ಲೆಕ್ಕ. ಆಕಾಶದಲ್ಲಿ ಎತ್ತರವೆಂದರೆ ಸಮಯ ಎಂದು ಅವರಿಗೆ ತಿಳಿಹೇಳುವವರಾರು? ಗಂಟೆಗೆ 200 ಕಿ.ಮೀ. ವೇಗದಲ್ಲಿ ಬೀಳುವವನು 1,000 ಅಡಿಯನ್ನು ಐದಾರು ಸೆಕೆಂಡಿನಲ್ಲಿ ಮುಗಿಸುತ್ತಾನೆ. ದೊಡ್ಡ ಪ್ಯಾರಾಚೂಟ್ ಸರಿಯಾಗಿ ಬಿಚ್ಚದಿದ್ದರೆ ಅದನ್ನು ಕಳಚಿ ಎಸೆದು ಮೀಸಲು ಪ್ಯಾರಾಚೂಟ್ ಬಿಚ್ಚಲು ಬಿಡುವು ಬೇಡವೇ? ಅದಕ್ಕೇ 5,000 ಅಡಿಯ ಆಸುಪಾಸಿನಲ್ಲೇ ದಾರ ಎಳೆದುಬಿಡುತ್ತಾರೆ. ಯಾರೂ ಎಳೆಯದಿದ್ದರೂ ಎತ್ತರ, ವೇಗ ಅಳೆದು ಮೀಸಲನ್ನು ತಾನೇ ಬಿಚ್ಚುವ ಪುಟ್ಟ ಯಂತ್ರವೊಂದು ಬೆನ್ನಚೀಲದಲ್ಲಿ ಕೂತಿರುತ್ತದೆ. ಇಷ್ಟೆಲ್ಲ ವಿವರಿಸಿದೆ. "ಯಂತ್ರ ನಂಬಿ ಕೆಟ್ಟವರೇ ಎಲ್ಲ" ಎಂದರು ದೊಡ್ಡಪ್ಪ. ಅಂದವರೇ ಹೆಲ್ಮೆಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿ, ಗ್ಯಾಸ್ ಸಿಲಿಂಡರನ್ನು ಮುಂದೆ, ದೊಡ್ಡಮ್ಮನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿ 66ರಲ್ಲಿ ಎದುರು ದಿಕ್ಕಿಗೆ ಹೊರಟರು. ಯೂ ಟರ್ನ್ ಬಹಳ ದೂರವಂತೆ.

ದೊಡ್ಡಮ್ಮನದು ಬಟ್ಟೆಯ ಚಿಂತೆ. ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆಯುಟ್ಟೇ ಹಾರಿದರು ಎಂದೆ. "ಅಷ್ಟು ಗಾಳಿಗೆ ನೆರಿ ನಿಂತದ್ದು ಹ್ಯಾಂಗೆ?" ಎಂದು ಕೇಳಿದರೇ ಹೊರತು ಹಾರಿದವಳು ನಿಂತದ್ದು ಹೇಗೆಂದು ಕೇಳಲಿಲ್ಲ. ಹಿರಿಯ ಜಾರ್ಜ್ ಬುಷ್ 2014ರಲ್ಲಿ ತಮ್ಮ 90ನೇ ಹುಟ್ಟುಹಬ್ಬಕ್ಕೆ ಹಾರಿದ ಕತೆಯನ್ನು ಅಜ್ಜ ತಣ್ಣಗೆ ಕೇಳಿ ತೀರ್ಪು ಕೊಟ್ಟರು: "ಅಷ್ಟು ಹೊತ್ತಿಗೆ ಅವರ ಮಗ ಅಧ್ಯಕ್ಷಗಿರಿ ಮುಗಿಸಿ ಮನೆ ಸೇರಿದ್ದ. ಇವನಿಗಿನ್ನೂ ಮದುವೆಯೇ ಆಗಿಲ್ಲ."

ನನ್ನನ್ನು ಕೇಳಿದರೆ ಇವರೆಲ್ಲ ಸುಮ್ಮನೆ ಹೆದರುತ್ತಿದ್ದಾರೆ. ನಿನ್ನದು ಟ್ಯಾಂಡೆಮ್ ಹಾರಾಟ. ಹೆಗಲಿಗೆ ಎರಡು, ಸೊಂಟಕ್ಕೆ ಎರಡು ಕೊಕ್ಕೆ ಸಿಕ್ಕಿಸಿ ಒಬ್ಬ ಅನುಭವಸ್ಥ ನಿನ್ನನ್ನು ತನ್ನ ಎದೆಗೆ ಕಟ್ಟಿಕೊಳ್ಳುತ್ತಾನೆ. ಬಾಗಿಲಿಗೆ ಒಯ್ಯುವವನು ಅವನು, ಯಾವಾಗ ಹಾರಬೇಕೆಂದು ತೀರ್ಮಾನಿಸುವವನೂ ಅವನು. ಬಾಳೆಹಣ್ಣಿನ ಹಾಗೆ ಬಾಗು ಎಂದರೆ ಬಾಗಬೇಕು, ಇಳಿಯುವಾಗ ಕಾಲೆತ್ತು ಎಂದರೆ ಎತ್ತಬೇಕು, ಕ್ಯಾಮೆರಾ ಎದುರಿಗೆ ಬಂದರೆ ನಗಬೇಕು. ಏನಾದರೂ ಆದರೆ ನಾನೇ ಹೊಣೆ ಎಂಬ ಕಾಗದದ ಸಹಿ ಮಾತ್ರ ನಿನ್ನದು. ಇದರಲ್ಲಿ ನಿನಗೆ ಹೊಸತೇನಿದೆ? ಪಿಯುಸಿಗೆ ವಿಜ್ಞಾನ, ಆಮೇಲೆ ಎಂಜಿನಿಯರಿಂಗ್, ಆಮೇಲೆ ಗಲ್ಫ್. ಪ್ರತಿ ಸಲವೂ ಬೆನ್ನಿಗೆ ಒಬ್ಬ ಹಿರಿಯ ಅಂಟಿಕೊಂಡೇ ನಿನ್ನನ್ನು ಬಾಗಿಲಾಚೆ ನೂಕಿದ್ದು. ಸುಮಾರು ಒಂದು ನಿಮಿಷ ಬೀಳುವುದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಟ್ಟು ಇನ್‌ಸ್ಟಾಗ್ರಾಂನಲ್ಲಿ ಹಾಕುವವನಿದ್ದೀಯಂತೆ. ಹಾಕು, ನಾವೂ ಲೈಕ್ ಒತ್ತುತ್ತೇವೆ. ಒಂದು ವಿಷಯದಲ್ಲಂತೂ ನಮ್ಮವರಿಗಿಂತ ಆ ಅಪರಿಚಿತನೇ ವಾಸಿ. ನೆಲ ಮುಟ್ಟಿದ ಮೇಲೆ ಕೊಕ್ಕೆ ಬಿಚ್ಚುತ್ತಾನೆ.

ಇನ್ನು ವಿಡಿಯೊ. ಗಾಳಿಯ ಹೊಡೆತಕ್ಕೆ ಕೆನ್ನೆ ಪಟಪಟ ಅದುರುತ್ತದೆ, ಆ ಭಾಗ ಕುಟುಂಬದ ಗುಂಪಿಗೆ ಬೇಡ. ಪ್ಯಾರಾಚೂಟ್ ಬಿಚ್ಚಿದ ಮೇಲಿನ ಐದಾರು ನಿಮಿಷ ಮುಖ ತಹಬಂದಿಗೆ ಬಂದಿರುತ್ತದೆ. ಅದರಲ್ಲಿ ಎರಡು ಫೋಟೊ ಆರಿಸಿ ಬೇಗ ಕಳಿಸು. ಅಕ್ಕ ಅದನ್ನು ಜಾತಕದ ಜೊತೆಗೆ ಬ್ರಹ್ಮಾವರಕ್ಕೆ ಮುಟ್ಟಿಸಬೇಕಂತೆ. ಬೆನ್ನ ಹಿಂದೆ ಇರುವವನನ್ನು ಮಾತ್ರ ನೀಟಾಗಿ ಕತ್ತರಿಸು. ಹುಡುಗಿ ಮನೆಯವರಿಗೆ ನೀನೊಬ್ಬನೇ ಹಾರುವುದು ಅಂತ ಹೇಳಿಯಾಗಿದೆ.