ಕೂಸನ್ನ ಕೇಳಿದ್ಯ?

ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಎರಡೇ ಕಡೆ: ತುಳಸಿಕಟ್ಟೆಯ ಪಕ್ಕ, ಗೊಬ್ಬರಗುಂಡಿಯ ಹತ್ತಿರ. ಸಿದ್ದಾಪುರದ ಒಳಹಳ್ಳಿಗೆ ಅದೇ ಹೆಚ್ಚು. ಸಂಜೆ ಚಾ ಕುಡಿದು ಗೊಬ್ಬರಗುಂಡಿಯ ಬಳಿ ನಿಂತೆನೆಂದರೆ ಫೋನು ಒಂದೇ ಸಮನೆ ಕುಂಯ್‌ಗುಡತೊಡಗುತ್ತದೆ. ಶಿರಸಿಯ ಅಡಿಕೆ ಪೇಟೆಯಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಯಾರ ತೋಟಕ್ಕೆ ಮಂಗ ಬಂತು, ರಾತ್ರಿ ತಾಳಮದ್ದಳೆ ಎಲ್ಲಿ. ವಾಟ್ಸಾಪ್ ಎಂದರೆ ನಮಗೆ ಜಗಲಿ. ಬಂದವರು ಕೇಳಿಕೊಂಡು ಬರುವುದಿಲ್ಲ, ಕವಳದ ಬಟ್ಟಲು ಎಳೆದುಕೊಂಡು ಕೂರುತ್ತಾರೆ.

ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಮೊಮ್ಮಗಳ ನಾಮಕರಣದ ಫೋಟೋ ಕಳಿಸಿದ. ವಾಟ್ಸಾಪ್ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಲು ಬಿಡುತ್ತದಷ್ಟೆ (ಆ ಕಟ್ಟು ಮೊದಲು ಬಂದದ್ದೂ ನಮ್ಮ ದೇಶಕ್ಕೇ, 2018ರಲ್ಲಿ). ಐದನ್ನೂ ತುಂಬಿಸಿದೆ. ಅಡಿಕೆ ಗುಂಪಿನಲ್ಲಿ ಕೂಸಿನ ಮುಖದ ಕೆಳಗೇ ಕೆಂಪುಗೋಟಿನ ದರ ಬಂತು. ಒಬ್ಬರು ಹೆಬ್ಬೆರಳು ಎತ್ತಿದರು, ಯಾವುದಕ್ಕೋ ತಿಳಿಯಲಿಲ್ಲ.

ರಾತ್ರಿ ಫೋನು. "ಅಪ್ಪಯ್ಯ, ಆ ಫೋಟೋ ತೆಗಿ."

"ಎಂತಕ್ಕೋ? ಕೂಸು ಚಂದ ಇದ್ದಲಾ."

"ಅದನ್ನ ಕೇಳಿದ್ಯ?"

ಮೂರು ತಿಂಗಳ ಕೂಸನ್ನು ಏನೆಂದು ಕೇಳುವುದು! ಆದರೆ ಅಲ್ಲಿನ ರೀತಿಯೇ ಹಾಗಂತೆ. 1898ರಲ್ಲಿ ಅವರ ಹಳೆಯ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋದವರು ಕಿಟಕಿ ಹತ್ತಿ ಒಳನುಗ್ಗಿ ಹೆಣದ ಚಿತ್ರ ತೆಗೆದರು. ಗಲಾಟೆ ಕೋರ್ಟಿಗೆ ಹೋಯಿತು. ಕಡೆಗೆ, ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರವನ್ನು ಪ್ರಕಟಿಸಬಾರದೆಂದು 1907ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಹೆಣ ಅಂಗಳಕ್ಕಿಳಿಯುವ ಮೊದಲೇ ಹೂಹಾರದ ಸಮೇತ ಸ್ಟೇಟಸ್ಸಿಗೆ ಏರಿರುತ್ತದೆ. ಓಂ ಶಾಂತಿ ಅನ್ನದವರ ಲೆಕ್ಕ ಮನೆಯವರು ಇಡುತ್ತಾರೆ.

ಮನುಷ್ಯರ ಮಾತಿರಲಿ, ಮನೆಗೂ ಅಲ್ಲಿ ಮಾನವಿದೆ. 2010ರಲ್ಲಿ ಗೂಗಲ್ ಬೀದಿಬೀದಿಯ ಚಿತ್ರ ತೋರಿಸಲು ಹೊರಟಾಗ ಎರಡು ಲಕ್ಷಕ್ಕೂ ಹೆಚ್ಚು ಜರ್ಮನ್ ಕುಟುಂಬಗಳು ನಮ್ಮ ಮನೆ ಮಸುಕು ಮಾಡಿ ಎಂದು ಅರ್ಜಿ ಹಾಕಿದವು. ಗೂಗಲ್ ಗಾಡಿ ನಮ್ಮೂರಿಗೆ ಬಂದರೆ ನಾನು ದಣಪೆ ತೆಗೆದು ಚಾ ಕುಡಿಸಿಯೇ ಕಳಿಸುತ್ತಿದ್ದೆ.

ಮಗ ಹೇಳಿದನೆಂದು ಐದೂ ಕಡೆ ಅಳಿಸಿದೆ. ಅಳಿಸಿದ್ದು ಗೊಬ್ಬರಗುಂಡಿಯ ಬಳಿ ಟಾರ್ಚು ಹಿಡಿದು, ಉಂಬಳ ಕಚ್ಚಿಸಿಕೊಂಡು. ಅಷ್ಟರಲ್ಲಿ ಯಲ್ಲಾಪುರದ ಅತ್ತಿಗೆ ಕೂಸನ್ನು ತನ್ನ ಡಿಪಿ ಮಾಡಿಕೊಂಡಾಗಿತ್ತು. ಈಗಲೂ ಅಲ್ಲೇ ನಗುತ್ತಿದೆ. ಮಗನಿಗೆ ಹೇಳಬೇಡಿ.